ಕೋಟೆಯ ಕಲ್ಲು, ಸಂತೆಯ ಕಾಳು

ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಹೋದ ಪ್ರವಾಸಿಗರು ಒಂದೇ ದಿನದಲ್ಲಿ ಎರಡು ನೋಟಗಳನ್ನು ಕಂಡು ಬರುವ ವಾಡಿಕೆಯುಂಟು. ಇಂಕಾ ಅರಸರ ರಾಜಧಾನಿಯಾಗಿದ್ದ ಕುಸ್ಕೊ ನಗರದಿಂದ ಮೂವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ ಪೀಸಾಕ್ ಎಂಬ ಊರಿದೆ. ಬೆಟ್ಟದ ಮೇಲೆ ಇಂಕಾ ಜನರ ಗುಡಿಗಳೂ ಮನೆಗಳೂ ಮೆಟ್ಟಿಲು ಮೆಟ್ಟಿಲಾದ ಹೊಲಗಳೂ ಪಾಳುಬಿದ್ದಿವೆ. ಬೆಟ್ಟದ ಬುಡದಲ್ಲಿ ಸಂತೆ ನೆರೆಯುತ್ತದೆ. ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಕಾಯಿಪಲ್ಲೆ. ಎರಡನ್ನೂ ಒಂದೇ ದಿನ ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಕಲ್ಲು ಕಟ್ಟಿದವರ ರಾಜ್ಯ ಅಳಿದುಹೋಯಿತು. ಅವರು ಬೆಳೆದ ಗಡ್ಡೆಗಳು ಮಾತ್ರ ಇನ್ನೂ ಬುಟ್ಟಿಯಲ್ಲಿವೆ.

ಕಲಬುರಗಿಯ ವಿದ್ಯಾರ್ಥಿಗೆ ಪೆರು ದೇಶದ ಪ್ರಯಾಣ ಸುಲಭವಲ್ಲ. ಆದರೆ ಅಂಥದೇ ಒಂದು ದಿನವನ್ನು ಆತನು ಮನೆಯ ಬಾಗಿಲಿನಿಂದಲೇ ಆರಂಭಿಸಬಹುದು. ನಾವು ಹಾಗೆಯೇ ಮಾಡಿದೆವು. ನಗರದ ಅಂಚಿನಲ್ಲಿರುವ ಕೋಟನೂರದಿಂದ ಬೆಳಿಗ್ಗೆ ಹೊರಟು ಮೊದಲು ಬಹಮನಿ ಸುಲ್ತಾನರ ಕೋಟೆ, ಆಮೇಲೆ ಪೇಟೆಯ ಸಂತೆ ಮತ್ತು ಗಂಜು, ಹೊತ್ತು ಇಳಿಯುವ ವೇಳೆಗೆ ಕಮಲಾಪುರದ ಬಾಳೆಯ ತೋಟ ಎಂದು ಗೊತ್ತುಮಾಡಿಕೊಂಡಿದ್ದೆವು. ಇಂಕಾ ಜನರನ್ನು ಇಲ್ಲಿ ನೆನೆದುದು ಬರಿಯ ಅಲಂಕಾರಕ್ಕಾಗಿ ಅಲ್ಲ. ಅವರೂ ನಮ್ಮ ಸಂತೆಯಲ್ಲಿ ಪಾಲುದಾರರು. ಅದನ್ನು ವಾಚಕರು ಮುಂದೆ ಕಾಣುವರು.

೧೩೪೭ರಲ್ಲಿ ದೌಲತಾಬಾದಿನಲ್ಲಿ ಪಟ್ಟವೇರಿದ ಅಲಾವುದ್ದೀನ್ ಹಸನ್ ಬಹಮನ್ ಷಾ ತನ್ನ ರಾಜಧಾನಿಯನ್ನು ಕಲಬುರಗಿಗೆ ತಂದನು. ಅದಕ್ಕೂ ಮುಂಚೆ ಇಲ್ಲಿ ಒಂದು ಕೋಟೆ ಇದ್ದಿತೆಂದೂ ಅದನ್ನೇ ಆತನು ಬಲಪಡಿಸಿದನೆಂದೂ ಹೇಳಿಕೆಯಿದೆ. ಸುತ್ತಲೂ ಕಂದಕ, ಅದರ ಒಳಗೆ ದಪ್ಪನಾದ ಗೋಡೆ, ನಡುವೆ ಬಾಲಾ ಹಿಸ್ಸಾರ್ ಎಂಬ ಎತ್ತರದ ಬುರುಜುಕಟ್ಟಡ. ಪ್ರವಾಸಿಗರೆಲ್ಲ ಇಲ್ಲಿಯ ಉದ್ದನೆಯ ತೋಪಿನ ಹತ್ತಿರ ನಿಂತು ಅಳತೆಯ ವಿಷಯವಾಗಿ ವಾದಿಸುವರು. ನಾವು ಅದನ್ನು ದಾಟಿ ಗೋಡೆಯ ಕಲ್ಲಿನ ಬಳಿಗೆ ಹೋದೆವು. ನಮ್ಮ ಅಭಿಪ್ರಾಯದಲ್ಲಿ ಈ ಕೋಟೆಯಲ್ಲಿ ಎಲ್ಲಕ್ಕಿಂತ ಪುರಾತನವಾದುದು ಆ ಕಲ್ಲೇ.

ಅದು ಕರಿಯ ಬಸಾಲ್ಟ್ ಶಿಲೆ. ಸುಮಾರು ಆರು ಕೋಟಿ ಅರವತ್ತು ಲಕ್ಷ ವರ್ಷಗಳ ಹಿಂದೆ ದಖ್ಖನಿನ ನೆಲ ಬಿರಿದು, ಕರಗಿದ ಶಿಲಾರಸವು ಮತ್ತೆ ಮತ್ತೆ ಉಕ್ಕಿ ಹರಿದು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ಮಹಾರಾಷ್ಟ್ರದ ಬಹುಭಾಗವನ್ನು ಮುಚ್ಚಿರುವ ಈ ಹಾಸಿನ ದಕ್ಷಿಣದ ಸೆರಗು ಕಲಬುರಗಿಯ ಬಳಿ ಮುಗಿಯುತ್ತದೆ. ಕೆಲವು ಗಂಟೆಗಳ ಪ್ರಯಾಣದಷ್ಟೂ ದೂರ ಹೋಗಬೇಕಾಗಿಲ್ಲ. ಶಹಾಬಾದಿನ ಕಡೆಗೆ ಹೋದರೆ ಕರಿಕಲ್ಲು ಕಳೆದು, ಅದಕ್ಕಿಂತ ಎಷ್ಟೋ ಹಿಂದಿನ ಕಾಲದ ಸುಣ್ಣಕಲ್ಲು ಚಪ್ಪಡಿಗಳಾಗಿ ಏಳುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ ಫರ್ಶಿ ಅದೇ. ಹೀಗೆ ಈ ಸೀಮೆಯ ಕಟ್ಟಡಗಾರನಿಗೆ ಗೋಡೆಗೆ ಬೇಕಾದ ಕಲ್ಲೂ ಗಾರೆಗೆ ಬೇಕಾದ ಸುಣ್ಣವೂ ನೆರೆಹೊರೆಯಲ್ಲಿಯೇ ದೊರೆಯುವಂತಿದ್ದವು.

ಗಾರೆಯ ರಸಾಯನವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿಬಿಡಬಹುದು. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹೊಯ್ದರೆ ಬುಸುಗುಟ್ಟುತ್ತಾ ಅರಳುತ್ತದೆ. ಮರಳು ಸೇರಿಸಿ ಅರೆದು ಗೋಡೆಯಲ್ಲಿ ಇಟ್ಟ ಮೇಲೆ ಅದು ಗಾಳಿಯಲ್ಲಿರುವ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಪುನಃ ಸುಣ್ಣಕಲ್ಲೇ ಆಗುತ್ತದೆ. ಗಾರೆಯವನು ಕಲ್ಲನ್ನು ಮೆತ್ತಗೆ ಮಾಡಿ, ಬೇಕಾದ ಸಂದಿಗೆ ತುಂಬಿ, ಮತ್ತೆ ಕಲ್ಲು ಮಾಡುವನು.

ಈ ಗಾರೆಯ ಮಹಿಮೆಯನ್ನು ಕಾಣಬೇಕಾದರೆ ಕೋಟೆಯೊಳಗಿನ ಜಾಮಿ ಮಸೀದಿಯನ್ನು ಹೊಗಬೇಕು. ಕಜ್ವೀನ್ ಊರಿನ ರಫಿ ಎಂಬವನು ಇದನ್ನು ಕಟ್ಟಿದನೆಂದು ಶಾಸನ ಹೇಳುತ್ತದೆ. ಅದರಲ್ಲಿರುವ ಹಿಜರಿ ೭೬೯ನೆಯ ವರ್ಷ ನಮ್ಮ ಲೆಕ್ಕದಲ್ಲಿ ೧೩೬೭ ಆಗುತ್ತದೆ. ಸಾಮಾನ್ಯವಾಗಿ ದೊಡ್ಡ ಮಸೀದಿಗಳ ನಡುವೆ ಬಯಲಾದ ಅಂಗಳವಿರುವುದು. ಇಲ್ಲಿ ಅಂಗಳವೇ ಇಲ್ಲ. ೨೧೬ ಅಡಿ ಉದ್ದ, ೧೭೬ ಅಡಿ ಅಗಲದ ಇಡೀ ಕಟ್ಟಡಕ್ಕೆ, ಎಂದರೆ ಸುಮಾರು ೩೮ ಸಾವಿರ ಚದರ ಅಡಿಗಳಿಗೆ, ಮೇಲೆ ಮುಚ್ಚಳವಿದೆ. ಅದಕ್ಕೆ ತೊಲೆಯಿಲ್ಲ, ಕಬ್ಬಿಣವಿಲ್ಲ. ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ನಾಲ್ಕು, ನಡುವೆ ಸಾಲುಸಾಲಾಗಿ ಚಿಕ್ಕ ಚಿಕ್ಕ ಗುಮ್ಮಟಗಳು. ಎಲ್ಲವೂ ಕಮಾನುಗಳ ಮೇಲೆ ನಿಂತಿವೆ.

ಕಮಾನಿನ ಗುಟ್ಟೇನು? ಎರಡು ಗೋಡೆಗಳ ಮೇಲೆ ಒಂದು ಉದ್ದವಾದ ಕಲ್ಲನ್ನು ತೊಲೆಯಂತೆ ಇಟ್ಟರೆ ಭಾರದಿಂದ ಅದರ ಕೆಳಮೈ ಹಿಗ್ಗಲು ಯತ್ನಿಸುತ್ತದೆ. ಕಲ್ಲು ಒತ್ತಡವನ್ನು ತಾಳುವುದೇ ಹೊರತು ಎಳೆತವನ್ನು ತಾಳದು, ಆದುದರಿಂದ ಸೀಳುತ್ತದೆ. ಕಮಾನಿನಲ್ಲಿ ಪ್ರತಿಯೊಂದು ಕಲ್ಲೂ ನೆರೆಯ ಕಲ್ಲನ್ನು ಒತ್ತುತ್ತದೆ. ಎಳೆತಕ್ಕೆ ಅವಕಾಶವೇ ಇಲ್ಲ. ಆದರೆ ಈ ಲಾಭ ಪುಕ್ಕಟೆಯಾಗಿ ಬಂದುದಲ್ಲ. ಕಮಾನು ತನ್ನ ಭಾರವನ್ನು ಕೆಳಕ್ಕೆ ಮಾತ್ರವೇ ಅಲ್ಲದೆ ಪಕ್ಕಕ್ಕೂ ತಳ್ಳುತ್ತದೆ. ಕಮಾನು ಅಗಲವಾದಷ್ಟೂ ತಗ್ಗಾದಷ್ಟೂ ಈ ತಳ್ಳುವಿಕೆ ಹೆಚ್ಚು. ಮಸೀದಿಯ ಹೊರಸುತ್ತಿನಲ್ಲಿ ಬಹಳ ತಗ್ಗಿನಿಂದಲೇ ಎದ್ದು ಅಗಲವಾಗಿ ಹರಡಿದ ಕಮಾನುಗಳಿವೆ. ಒಂದರ ತಳ್ಳುವಿಕೆಯನ್ನು ಪಕ್ಕದ ಕಮಾನು ತಡೆಯುತ್ತದೆ, ಅದರದನ್ನು ಮತ್ತೊಂದು. ಕೊನೆಗೆ ಮೂಲೆಗಳಲ್ಲಿರುವ ಗುಮ್ಮಟಗಳ ಭಾರವೂ ದಪ್ಪಗೋಡೆಯೂ ಲೆಕ್ಕವನ್ನು ತೀರಿಸುತ್ತವೆ. ಆರೂವರೆ ಶತಮಾನಗಳಿಂದ ಈ ಜಗಳ ಸಮಸಮವಾಗಿಯೇ ನಡೆದಿದೆ. ಒಳಗೆ ನಿಂತವನಿಗೆ ಮಾತ್ರ ಸದ್ದಿಲ್ಲ.

ರಫಿಯು ಗುಮ್ಮಟ ಮುಗಿಸಿ ಎಪ್ಪತ್ತು ವರ್ಷಗಳಾದ ಮೇಲೆ, ಭೂಗೋಳದ ಮತ್ತೊಂದು ಮಗ್ಗುಲಲ್ಲಿ ಪಚಕೂತಿ ಎಂಬ ಇಂಕಾ ಅರಸನು ಪಟ್ಟವೇರಿದನು. ೧೪೩೮ ಎಂಬುದು ಇತಿಹಾಸಕಾರರು ರೂಢಿಯಾಗಿ ಕೊಡುವ ವರ್ಷ. ಇಂಕಾ ಶಿಲ್ಪಿಗಳಿಗೆ ಕಮಾನು ತಿಳಿಯದು, ಗಾರೆಯನ್ನು ಅವರು ತಮ್ಮ ಶ್ರೇಷ್ಠ ಗೋಡೆಗಳಲ್ಲಿ ಬಳಸಲಿಲ್ಲ, ಕಬ್ಬಿಣದ ಉಳಿಯೂ ಇರಲಿಲ್ಲ. ಆದರೂ ಕುಸ್ಕೊ ನಗರದ ಮೇಲಿರುವ ಸಕ್ಸಾವಾಮಾನ್ ಕೋಟೆಯಲ್ಲಿ ನೂರು ಟನ್ನಿಗೂ ಮಿಗಿಲಾದ ಬಂಡೆಗಳು ಕೂದಲೆಳೆಯ ಸಂದಿಯೂ ಇಲ್ಲದಂತೆ ಕೂಡಿಕೊಂಡಿವೆ. ಇದನ್ನು ನೋಡಿ ಬೇರೆ ಲೋಕದವರು ಬಂದು ಕಟ್ಟಿದರೆಂದು ಹೇಳುವವರೂ ಇದ್ದಾರೆ. ಕಟ್ಟಿದವರ ಬೆವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಪ್ರೋಟ್ಸೆನ್ ಎಂಬ ವಾಸ್ತುಶಾಸ್ತ್ರಜ್ಞರು ೧೯೮೦ರ ದಶಕದಲ್ಲಿ ಪೆರು ದೇಶದಲ್ಲಿಯೇ ನಿಂತು, ನದಿಯ ಗಟ್ಟಿ ಗುಂಡುಕಲ್ಲನ್ನು ಕೈಯಲ್ಲಿ ಹಿಡಿದು ಬಂಡೆಯನ್ನು ಕುಟ್ಟಿ ಕುಟ್ಟಿ, ಇಂಕಾ ಕಲ್ಲಿನಂಥ ಮೈಯನ್ನೂ ಅಂಚನ್ನೂ ತೆಗೆದು ತೋರಿಸಿದರು. ಕಲ್ಲನ್ನು ಕಲ್ಲಿನಿಂದಲೇ ಗೆದ್ದಿದ್ದರು.

ಇಂಕಾ ಬಾಗಿಲು ಕೆಳಗೆ ಅಗಲ, ಮೇಲೆ ಕಿರಿದು. ಗೋಡೆಯೂ ತುಸು ಒಳಕ್ಕೆ ವಾಲಿದೆ. ಭೂಕಂಪದ ನಾಡಿಗೆ ತಕ್ಕ ಉಪಾಯ ಅದು. ೧೯೫೦ರ ಮೇ ತಿಂಗಳಲ್ಲಿ ಕುಸ್ಕೊ ನಡುಗಿದಾಗ, ಇಂಕಾ ದೇವಾಲಯದ ಮೇಲೆ ಸ್ಪೇನಿನವರು ಕಟ್ಟಿದ್ದ ಇಗರ್ಜಿ ಮಠ ಬಹುಮಟ್ಟಿಗೆ ಕುಸಿಯಿತು; ಒಳಗೆ ಅಡಗಿದ್ದ ಹಳೆಯ ಇಂಕಾ ಗೋಡೆಗಳು ನೆಟ್ಟಗೆ ನಿಂತಿದ್ದವು. ದಖ್ಖನಿನ ನೆಲ ಅಲುಗಾಡದೆಂದು ನಾವು ಬಹುಕಾಲ ನಂಬಿದ್ದೆವು. ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ, ಕಲಬುರಗಿಯಿಂದ ನೂರು ಕಿಲೋಮೀಟರಿಗೂ ಒಳಗಿರುವ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಮಡಿದರು. ಮಣ್ಣಿನ ಗಾರೆಯಲ್ಲಿ ಹೊಂದಿಸಿದ ಉರುಟು ಕಲ್ಲಿನ ದಪ್ಪ ಗೋಡೆಗಳೂ ಭಾರವಾದ ಮಾಳಿಗೆಗಳೂ ಮಲಗಿದವರ ಮೇಲೆ ಬಿದ್ದವು. ಕಲ್ಲು ಅದೇ ಕರಿಯ ಕಲ್ಲು. ಅದನ್ನು ಬಂಧಿಸಿದ ರೀತಿ ಬೇರೆ.

ಕೋಟೆಯಿಂದ ಹೊರಬರುವಾಗ ನಮ್ಮಲ್ಲಿ ಒಬ್ಬರಿಗೆ ಹಸಿವಾಯಿತು; ಆ ಹಸಿವಿನಿಂದ ಒಂದು ಪ್ರಶ್ನೆ ಹುಟ್ಟಿತು. ಈ ಕಮಾನುಗಳನ್ನು ಕಟ್ಟಿದ ಕೂಲಿಯವನು ಮಧ್ಯಾಹ್ನದಲ್ಲಿ ಬುತ್ತಿ ಬಿಚ್ಚಿದಾಗ ಅದರಲ್ಲಿ ಏನಿದ್ದಿತು? ಉತ್ತರಕ್ಕೆ ಶಾಸನ ಬೇಕಾಗಿಲ್ಲ, ಸಂತೆಗೆ ಹೋದರೆ ಸಾಕು.

ಊರವರು ಸೂಪರ್ ಮಾರ್ಕೆಟ್ ಎನ್ನುವ ಪೇಟೆಯ ಬೀದಿಗಳಲ್ಲಿ ತಳ್ಳುಗಾಡಿ, ಬುಟ್ಟಿ, ತಾಡಪತ್ರಿಗಳ ನಡುವೆ ದಾರಿ ಮಾಡಿಕೊಂಡು ನಡೆದೆವು. ಹಸಿಮೆಣಸಿನಕಾಯಿಯ ರಾಶಿಯ ಹಿಂದೆ ಕುಳಿತಿದ್ದ ಮುದುಕಿಯೊಬ್ಬಳನ್ನು, ‘ಅವ್ವಾ, ಇದು ಎಲ್ಲಿಯದು?’ ಎಂದು ಕೇಳಿದೆವು. ‘ನಮ್ಮದೇ ರೀ, ಮತ್ತ್ಯಾರದು?’ ಎಂದಳು. ಆಕೆಯ ಹೊಲದ ಮಾತಾದರೆ ಅದು ಸತ್ಯವೇ. ಆದರೆ ಮೆಣಸಿನಕಾಯಿಯ ಕುಲ ಹುಟ್ಟಿದುದು ದಕ್ಷಿಣ ಅಮೆರಿಕದಲ್ಲಿ. ನಾವು ತಿನ್ನುವ ಜಾತಿಯನ್ನು ಬೇಸಾಯಕ್ಕೆ ತಂದವರು ಮೆಕ್ಸಿಕೋ ಸೀಮೆಯ ರೈತರು. ಕೊಲಂಬಸ್ ಅಟ್ಲಾಂಟಿಕ್ ದಾಟಿದುದು ೧೪೯೨ರಲ್ಲಿ, ಪೋರ್ಚುಗೀಜರು ಗೋವೆಯನ್ನು ಹಿಡಿದುದು ೧೫೧೦ರಲ್ಲಿ. ಮೆಣಸಿನಕಾಯಿ ನಮ್ಮಲ್ಲಿಗೆ ಬಂದುದು ಅವರ ಹಡಗುಗಳಲ್ಲಿ. ೧೪೨೨ರಲ್ಲಿ ಪಟ್ಟಕ್ಕೆ ಬಂದ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದನು. ಎಂದ ಮೇಲೆ ಕಲಬುರಗಿಯ ಸಿಂಹಾಸನದಲ್ಲಿ ಕುಳಿತ ಯಾವ ಸುಲ್ತಾನನೂ ಮೆಣಸಿನಕಾಯಿಯನ್ನು ಕಂಡವನಲ್ಲ. ಆತನ ಅಡಿಗೆಯ ಖಾರವೆಲ್ಲ ಕರಿಮೆಣಸು, ಶುಂಠಿ, ಹಿಪ್ಪಲಿಗಳದು. ಹೊಸಬನು ಬಂದು ಹಳಬನ ಹೆಸರನ್ನೇ ಕಿತ್ತುಕೊಂಡನು. ‘ಮೆಣಸಿನ ಕಾಯಿ’ ಎಂಬ ಮಾತು ಅದಕ್ಕೆ ಸಾಕ್ಷಿ.

ಖಾರವು ರುಚಿಯಲ್ಲ, ನೋವು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಮ್ಮ ನರಗಳ ತುದಿಯಲ್ಲಿ ಶಾಖವನ್ನು ಅರಿಯುವ ಒಂದು ಬಾಗಿಲುಂಟು. ಸುಮಾರು ೪೩ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ತೆರೆದುಕೊಳ್ಳುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ವಸ್ತು ಅದೇ ಬಾಗಿಲಿಗೆ ಕಳ್ಳ ಬೀಗದ ಕೈ. ೧೯೯೭ರಲ್ಲಿ ಇದನ್ನು ಕಂಡುಹಿಡಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರಿಗೆ ೨೦೨೧ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ‘ಬಾಯಿ ಉರಿಯಿತು’ ಎಂದು ನಮ್ಮವರು ಹೇಳುವುದು ಶಾಸ್ತ್ರಶುದ್ಧವಾದ ಮಾತು. ಹಕ್ಕಿಗಳ ಬಾಗಿಲಿಗೆ ಈ ಕೀಲಿ ಹೊಂದದು. ಅವು ನಿಶ್ಚಿಂತೆಯಾಗಿ ಹಣ್ಣು ತಿಂದು ಬೀಜವನ್ನು ದೂರ ಚೆಲ್ಲುವವು.

ಪಕ್ಕದ ಬುಟ್ಟಿಯಲ್ಲಿ ಬಟಾಟಿ. ಇದಂತೂ ಇಂಕಾ ಜನರ ಅನ್ನವೇ ಆಗಿದ್ದಿತು. ಟಿಟಿಕಾಕಾ ಸರೋವರದ ಸುತ್ತಿನ ಎತ್ತರದ ಬಯಲಿನಲ್ಲಿ ಸಾವಿರಾರು ವರ್ಷಗಳ ಹಿಂದೆ ಕಾಡುಗಡ್ಡೆಯನ್ನು ಸಾಗುವಳಿಗೆ ತಂದ ಜನ, ರಾತ್ರಿಯ ಹಿಮಕ್ಕೆ ಅದನ್ನು ಹರಡಿ, ಹಗಲು ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ, ವರ್ಷಗಟ್ಟಲೆ ಕೆಡದ ‘ಚುನ್ಯೊ’ ಎಂಬ ಒಣಗಡ್ಡೆಯನ್ನು ಮಾಡುತ್ತಿದ್ದರು. ಇಂಕಾ ಸರಕಾರದ ಉಗ್ರಾಣಗಳಲ್ಲಿ ಅದು ತುಂಬಿರುತ್ತಿದ್ದಿತು. ಹೆಸರಿನ ಕಥೆಯೂ ಸ್ವಾರಸ್ಯವಾದುದು. ಬಟಾಟಿ ಎಂಬುದು ಪೋರ್ಚುಗೀಜರಿಂದ ಬಂದ ಮಾತು. ಅದರ ಮೂಲ ಕೆರಿಬಿಯನ್ ದ್ವೀಪಗಳಲ್ಲಿ, ಅದೂ ಗೆಣಸಿನ ಹೆಸರಾಗಿ. ಆಲೂ ಎಂಬುದು ಪಾರಸಿಯಲ್ಲಿ ಒಂದು ಹಣ್ಣಿನ ಹೆಸರು. ಇಂಕಾ ಜನರು ಕರೆಯುತ್ತಿದ್ದ ‘ಪಾಪಾ’ ಎಂಬ ನಿಜವಾದ ಹೆಸರು ಮಾತ್ರ ನಮ್ಮವರೆಗೆ ಬರಲಿಲ್ಲ.

ಶೇಂಗಾ ಇನ್ನೂ ವಿಚಿತ್ರ. ದಕ್ಷಿಣ ಬೊಲಿವಿಯಾ, ಉತ್ತರ ಅರ್ಜೆಂಟೀನಾಗಳ ಸೀಮೆಯಲ್ಲಿ ಎರಡು ಕಾಡುಜಾತಿಗಳು ಆಕಸ್ಮಿಕವಾಗಿ ಕೂಡಿ, ವರ್ಣತಂತುಗಳು ಇಮ್ಮಡಿಯಾಗಿ ಹುಟ್ಟಿದ ಗಿಡ ಅದು. ಹೂವು ನೆಲದ ಮೇಲೆ, ಕಾಯಿ ನೆಲದ ಒಳಗೆ. ೧೯೮೭ರಲ್ಲಿ ಪೆರುವಿನ ಸಿಪಾನ್ ಎಂಬಲ್ಲಿ, ಇಂಕಾಗಳಿಗಿಂತ ಎಷ್ಟೋ ಹಿಂದಿನ ಒಬ್ಬ ದೊರೆಯ ಗೋರಿಯನ್ನು ಅಗೆದಾಗ ಬಂಗಾರ ಮತ್ತು ಬೆಳ್ಳಿಯಲ್ಲಿ ಮಾಡಿದ ಶೇಂಗಾಕಾಯಿಗಳ ಹಾರ ಸಿಕ್ಕಿತು. ನಾವು ಶೇಂಗಾ ಚಟ್ನಿಯನ್ನು ಹಾಗೆ ಗೌರವಿಸುವುದಿಲ್ಲ, ತಿನ್ನುತ್ತೇವೆ. ಟೊಮೆಟೊ, ಪೇರಲ, ಪಪ್ಪಾಯಿ, ಗೋವಿನಜೋಳ ಇವೆಲ್ಲ ಅಮೆರಿಕದ ನೆಂಟರು. ಸೀತಾಫಲವೂ ಅಮೆರಿಕದ ಮೂಲದ್ದೇ. ದಖ್ಖನಿನ ಬಂಡೆಗಳ ನಡುವೆ ತಾನಾಗಿ ಬೆಳೆದು, ಸೀತೆಯ ಹೆಸರನ್ನೇ ಪಡೆದು ಹೇಗೆ ಊರಿನವನಾಗಿಬಿಟ್ಟಿದೆ ನೋಡಿರಿ.

ಹಾಗಾದರೆ ಕೂಲಿಯವನ ಬುತ್ತಿಯಲ್ಲಿ ಉಳಿದುದೇನು? ಜೋಳದ ರೊಟ್ಟಿ ಇದ್ದಿರಬಹುದು. ಆದರೆ ಜೋಳವೂ ಒಂದು ಕಾಲದಲ್ಲಿ ಪರಸ್ಥಳದ್ದೇ. ಪೂರ್ವ ಆಫ್ರಿಕದ ಸುಡಾನ್ ಸೀಮೆಯಲ್ಲಿ ಸಾಗುವಳಿಗೆ ಬಂದು, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಭಾರತವನ್ನು ಸೇರಿತು. ಇಲ್ಲಿಯೇ ಹುಟ್ಟಿ ಇಲ್ಲಿಂದ ಹೊರಗೆ ಹೋದುದು ತೊಗರಿ. ಅದರ ಕಾಡುಬಂಧು ಇಂದಿಗೂ ಪೂರ್ವ ಭಾರತದ ಗುಡ್ಡಗಳಲ್ಲಿದೆ. ಬಳ್ಳಾರಿಯ ಬಳಿ ಸಂಗನಕಲ್ಲಿನ ಪ್ರಾಚೀನ ನೆಲೆಯಲ್ಲಿ ಕರಿಕಾದ ತೊಗರಿಕಾಳು ದೊರೆತಿದೆ.

ಆದುದರಿಂದ ತೊಗರಿಯ ದರ್ಬಾರನ್ನು ನೋಡಲು ನೆಹರೂ ಗಂಜಿಗೆ ಹೋದೆವು. ಚೀಲ ಬಿಚ್ಚಿ ಸುರಿದ ಕಾಳಿನ ರಾಶಿ, ಹಿಡಿಯಲ್ಲಿ ತೆಗೆದು ಉಜ್ಜಿ ನೋಡುವ ವರ್ತಕರು, ಬೇಳೆಯ ಗಿರಣಿಗಳ ಧೂಳು. ‘ಗುಲ್ಬರ್ಗಾ ತೊಗರಿ ಬೇಳೆ’ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮುದ್ರೆಯನ್ನು ಪಡೆಯಿತು. ಇಲ್ಲಿಯ ತೊಗರಿಗೆ ಇಷ್ಟು ಹೆಸರೇಕೆ ಎಂಬುದಕ್ಕೆ ಬೆಳಿಗ್ಗೆ ಮುಟ್ಟಿ ಬಂದ ಕೋಟೆಯ ಗೋಡೆಯೇ ಅರ್ಧ ಉತ್ತರ. ಅದೇ ಬಸಾಲ್ಟ್ ಶಿಲೆ ಲಕ್ಷಾಂತರ ಮಳೆಗಾಲಗಳಲ್ಲಿ ಕೊಳೆತು ಕರಿ ಎರೆಮಣ್ಣಾಗಿದೆ. ಅದರ ಜೇಡಿಯ ಕಣಗಳು ಪದರಗಳ ನಡುವೆ ನೀರನ್ನು ಹಿಡಿದು ಉಬ್ಬುತ್ತವೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೊಗುವಷ್ಟು ಬಿರುಕು ಬಿಡುತ್ತವೆ. ಮಳೆ ನಿಂತು ವಾರಗಳಾದರೂ ಆಳದಲ್ಲಿ ತೇವ ಉಳಿದಿರುತ್ತದೆ. ತೊಗರಿಯ ತಾಯಿಬೇರು ಅಲ್ಲಿಗೆ ಇಳಿದು ಕುಡಿಯುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾಡಿಕೊಡುತ್ತವೆ. ಗಟ್ಟಿಯಾಗಿದ್ದಾಗ ಕೋಟೆ, ಕೊಳೆತ ಮೇಲೆ ಬೇಳೆ.

ಆದರೆ ಅದೇ ಮಣ್ಣಿನಲ್ಲಿ ತೊಗರಿಯ ಶತ್ರುವೂ ಇದ್ದಾನೆ. ಫ್ಯುಸೇರಿಯಂ ಎಂಬ ಬೂಷ್ಟು ಬೇರಿನಿಂದ ಏರಿ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಹೂಬಿಟ್ಟ ಗಿಡ ಹಸಿರಾಗಿರುವಂತೆಯೇ ಜೋಲುತ್ತದೆ. ರೈತರು ಇದನ್ನು ಸಿಡಿರೋಗವೆನ್ನುವರು. ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿರುವ ಇಕ್ರಿಸಾಟ್ ಸಂಸ್ಥೆಯ ಸಂಗ್ರಹದಿಂದ ಆರಿಸಿದ ‘ಮಾರುತಿ’ ಎಂಬ ತಳಿಯು ಇದನ್ನು ತಾಳಬಲ್ಲದೆಂದು ಕರ್ನಾಟಕದಲ್ಲಿ ೧೯೮೬ರಲ್ಲಿ ಬಿಡುಗಡೆಯಾಯಿತು. ಆ ಸಂಸ್ಥೆಯ ಮುಂದಾಳ್ತನದಲ್ಲಿ ತೊಗರಿಯ ಸಂಪೂರ್ಣ ವಂಶವಾಹಿ ಲಿಪಿಯನ್ನು ಓದಿದ ವರದಿ ೨೦೧೧ರಲ್ಲಿ ಪ್ರಕಟವಾಯಿತು. ರೋಗವನ್ನು ತಾಳುವ ಗುಣ ಎಲ್ಲಿಂದ ಬಂದಿತೆಂದು ಕೇಳಿದರೆ, ಹಿಂದೆ ಯಾವನೋ ರೈತನು ಬಿಡದೆ ಬಿತ್ತಿಕೊಂಡು ಬಂದಿದ್ದ ಕಾಳಿನಿಂದ ಎಂದೇ ಹೇಳಬೇಕು.

ಬಿಸಿಲು ಇಳಿದ ಮೇಲೆ ಹುಮನಾಬಾದ ಮಾರ್ಗದ ಬಸ್ಸು ಹಿಡಿದು ಕಮಲಾಪುರಕ್ಕೆ ಬಂದೆವು. ದೂರ ಸುಮಾರು ಮೂವತ್ತೈದು ಕಿಲೋಮೀಟರು. ಕುಸ್ಕೊದಿಂದ ಪೀಸಾಕಿಗೆ ಇರುವಷ್ಟೇ. ಈ ತಾಲ್ಲೂಕಿನ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿಗಳ ಒಂದು ಗುಂಪಿದೆ; ಹೊತ್ತಿದ್ದವರು ನೋಡಬಹುದು. ನಮ್ಮ ಹೊತ್ತು ಕೆಂಪು ಬಾಳೆಗೆ ಮೀಸಲಾಗಿದ್ದಿತು.

ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಸೂಚಕದ ಮನ್ನಣೆಯಿದೆ. ದಿಂಡು ಕೆಂಪು, ಎಲೆಯ ನರ ಕೆಂಪು, ಹಣ್ಣಿನ ಸಿಪ್ಪೆ ಕೆಂಪು. ತಿರುಳು ಕೆನೆಯ ಬಣ್ಣ. ಬಣ್ಣಕ್ಕೆ ಕಾರಣ ಆಂಥೊಸಯನಿನ್ ಎಂಬ ವರ್ಣದ್ರವ್ಯ. ಬಾಳೆಯ ಕುಲವೂ ದೂರದ್ದೇ; ನ್ಯೂಗಿನಿಯ ಎತ್ತರದ ಪ್ರದೇಶದಲ್ಲಿ ಸುಮಾರು ಏಳು ಸಾವಿರ ವರ್ಷಗಳ ಹಿಂದೆಯೇ ಬಾಳೆಯ ಬೇಸಾಯವಿದ್ದಿತು. ಈ ತಳಿಗೆ ವರ್ಣತಂತುಗಳು ಮೂರು ಮೂರಾಗಿರುವುದರಿಂದ ಬೀಜ ಕಟ್ಟುವುದಿಲ್ಲ. ತಾಯಿಗಿಡದ ಬುಡದಲ್ಲಿ ಏಳುವ ಕಂದನ್ನು ಕಿತ್ತು ನೆಡುವುದು ವಾಡಿಕೆ. ಹಾಗೆ ನೋಡಿದರೆ ತೋಟದ ಗಿಡಗಳೆಲ್ಲ ಒಂದೇ ಗಿಡದ ತುಂಡುಗಳು.

ತೋಟದ ಯಜಮಾನರು ತಮ್ಮ ಕಷ್ಟವನ್ನು ಅಡಗಿಸಲಿಲ್ಲ. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ ಹದಿನೆಂಟು ತಿಂಗಳು ಬೇಕು. ಅಷ್ಟು ದಿನ ನೀರು, ಗೊಬ್ಬರ, ಕಾವಲು. ಬೆಲೆ ಹೆಚ್ಚಾದರೂ ಕಾಯುವ ಶಕ್ತಿ ಎಲ್ಲರಿಗೂ ಇರದು. ಹಿಂದೆ ಬೆಳೆಯುತ್ತಿದ್ದವರು ಅನೇಕರು ಬಿಟ್ಟಿದ್ದಾರೆ ಎಂದರು. ಕೋಟೆಯನ್ನು ಅರಸರು ಬಿಟ್ಟುಹೋಗಿ ಆರು ಶತಮಾನಗಳಾದರೂ ಗೋಡೆ ಕಾದುಕೊಂಡು ನಿಂತಿದೆ. ತೊಗರಿಯ ಕಾಳನ್ನಾದರೂ ಗಡಿಗೆಯಲ್ಲಿ ಇಟ್ಟು ಒಂದೆರಡು ವರ್ಷ ಕಾಯಿಸಬಹುದು, ತಂಪು ಉಗ್ರಾಣದಲ್ಲಿ ಇನ್ನೂ ಹೆಚ್ಚು. ಕೆಂಪು ಬಾಳೆಯ ಕಂದು ಕಾಯದು. ಕಿತ್ತುದನ್ನು ನೆಡಬೇಕು, ನೆಟ್ಟುದನ್ನು ಬದುಕಿಸಬೇಕು.

ಇನ್ನೊಂದು ತೊಡಕೂ ಉಂಟು. ಕೆಲವೊಮ್ಮೆ ಕೆಂಪು ಗಿಡದ ಬುಡದಲ್ಲಿಯೇ ಹಸಿರು ಕಂದು ಏಳುತ್ತದೆ. ಬಣ್ಣದ ಗುಣ ಗಿಡದ ಎಲ್ಲ ಪದರಗಳಲ್ಲಿಯೂ ಒಂದೇ ಸಮನಾಗಿ ನೆಲೆಯೂರಿರದೆ, ಒಂದು ಕವಲಿನಲ್ಲಿ ಜಾರಿಹೋಗಬಹುದು. ಅಂಥ ಕಂದು ಹುಲುಸಾಗಿ ಬೆಳೆಯುವುದರಿಂದ ನೋಡಿಕೊಳ್ಳದಿದ್ದರೆ ಕೆಂಪು ಸಾಲಿನಲ್ಲಿ ಹಸಿರೇ ತುಂಬಿಕೊಂಡೀತು. ನಾವು ನೋಡುತ್ತಿದ್ದಂತೆ ಯಜಮಾನರು ಬುಡದಲ್ಲಿ ಕುಳಿತು, ಕೈಯಿಂದ ಮಣ್ಣು ಸರಿಸಿ, ಒಂದೊಂದು ಕಂದಿನ ದಿಂಡನ್ನೂ ಬೆಳಕಿಗೆ ತಿರುಗಿಸಿ ಬಣ್ಣ ಪರೀಕ್ಷಿಸಿದರು. ಹಸಿರಾಗಿದ್ದ ಒಂದನ್ನು ಗುದ್ದಲಿಯಿಂದ ಕಡಿದು ದನಗಳ ಕಡೆಗೆ ಎಸೆದರು. ಕೆಂಪಾಗಿದ್ದ ಮೂರನ್ನು ಬೇರುಗಡ್ಡೆಯ ಸಮೇತ ಕಿತ್ತು, ತೇವ ಆರದಂತೆ ಬಾಳೆಪಟ್ಟೆಯಲ್ಲಿ ಸುತ್ತಿ, ಬದುವಿನ ನೆರಳಿನಲ್ಲಿ ಇಟ್ಟರು. ನೆರೆಯ ಹೊಲದವನೊಬ್ಬನು ಈ ವರ್ಷ ಹಚ್ಚಬೇಕೆಂದು ಕೇಳಿದ್ದಾನಂತೆ. ಮರುದಿನ ಬೆಳಿಗ್ಗೆ ಬಂದು ಒಯ್ಯುವನು.